ಮಗೂನ ಗಂಡ ಕರ್ಕೊಂಡು ಹೋಗಿ ವಾಪಸ್ ಕಳಿಸ್ತಿಲ್ವಾ? ದಾವಣಗೆರೆ ಕಡೆಯವ್ರು ಮೊದಲು ಮಾಡ್ಬೇಕಾದ್ದು

ಹಬ್ಬಕ್ಕೆ ಅಂತ ಮಗೂನ ಕರ್ಕೊಂಡು ಹೋದ, ಈಗ ಫೋನ್ ಎತ್ತಲ್ಲ, ಅತ್ತೆ ಕೇಳಿದ್ರೆ "ಮೊಮ್ಮಗ ಇಲ್ಲೇ ಇರ್ತಾನೆ, ಬೇಕಾದ್ರೆ ನೀನೇ ಬಾ" ಅಂತಾರೆ. ಹಿಂಗಾದಾಗ ಎಲ್ರೂ ಓಡೋದು ಠಾಣೆಗೆ. ಅಲ್ಲಿ "ಅಪ್ಪನೇ ಕರ್ಕೊಂಡು ಹೋದ್ರೆ ಕಿಡ್ನಾಪ್ ಆಗಲ್ಲಮ್ಮ" ಅಂತಾರೆ. ಬೇಜಾರಾದ್ರೂ ಅದು ಪೂರ್ತಿ ಸುಳ್ಳಲ್ಲ, ಕೋರ್ಟ್ ಆರ್ಡರ್ ಇಲ್ದಿದ್ರೆ ಅಪ್ಪನೂ ಕಾನೂನಿನ ಪ್ರಕಾರ ಪಾಲಕನೇ. ಆದ್ರೂ ದೂರು ಬರೆದು ಕೊಟ್ಟು, ದೂರು ಬಂದಿದೆ ಅಂತ ಠಾಣೆಯವ್ರು ಬರೆದು ಕೊಡೋ ಹಿಂಬರಹ ಇಸ್ಕೊಳ್ರಿ, ಯಾವತ್ತು ಕರ್ಕೊಂಡು ಹೋದ ಅನ್ನೋದಕ್ಕೆ ಅದೇ ದಾಖಲೆ. ಮಗೂಗೆ ಅಪಾಯ ಇದೆ ಅನ್ಸಿದ್ರೆ ಮಾತ್ರ ಕಾಯ್ಬೇಡಿ, 112 ಇಲ್ಲ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೊಡೀರಿ.

ನಿಜವಾದ ಕೆಲಸ ಇರೋದು ಫ್ಯಾಮಿಲಿ ಕೋರ್ಟಲ್ಲಿ. ಮಗು ಯಾರ ಹತ್ರ ಇರ್ಬೇಕು ಅಂತ ಕೇಳೋಕೆ ಇರೋದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ, ಇದರಡಿ ಹಾಕೋ ಕೇಸನ್ನೇ ವಕೀಲರು ಜಿ ಆ್ಯಂಡ್ ಡಬ್ಲ್ಯೂಸಿ ಅನ್ನೋದು. ಇದ್ರ 9ನೇ ಸೆಕ್ಷನ್ ನಿಮ್ಮ ಬಲ, ಮಗು ಸಾಮಾನ್ಯವಾಗಿ ವಾಸ ಇದ್ದ ಊರಲ್ಲೇ ಕೇಸು ಹಾಕ್ಬೋದು. ಅಂದ್ರೆ ಅವ್ರು ಬೆಂಗಳೂರಿಗೋ ಹುಬ್ಬಳ್ಳಿಗೋ ಕರ್ಕೊಂಡು ಹೋಗಿದ್ರೂ ನೀವು ದಾವಣಗೆರೆಲೇ ಹಾಕ್ಬೋದು. ಆದ್ರೆ ಇದನ್ನ ಪ್ರೂವ್ ಮಾಡ್ಬೇಕಲ್ಲ, ಅದಕ್ಕೆ ಕಾಗದ ಬೇಕು: ಪಿಎಚ್‌ಸಿಲಿ ಲಸಿಕೆ ಬರೆದಿರೋ ತಾಯಿ ಕಾರ್ಡು, ಅಂಗನವಾಡಿ ಇಲ್ಲ ಶಾಲೆ ಹಾಜರಾತಿ, ಫೀಸ್ ರಸೀದಿ, ಟೀಚರ್ ಸಹಿ ಇರೋ ಡೈರಿ, ಮಕ್ಕಳ ಡಾಕ್ಟ್ರ ಚೀಟಿ. ಡೈರಿನ ಯಾರೂ ಲೆಕ್ಕಕ್ಕೆ ತಗೊಳಲ್ಲ, ಆದ್ರೆ ಯಾವ ತಾರೀಕಿಗೆ ಮಗು ಎಲ್ಲಿತ್ತು ಅಂತ ಅದ್ರಷ್ಟು ಚೆನ್ನಾಗಿ ಹೇಳೋದು ಬೇರೆ ಇಲ್ಲ. ತಿಂಗಳುಗಟ್ಲೆ ಬಿಟ್ರೆ ಅವ್ರು ಅಲ್ಲೇ ಶಾಲೆಗೆ ಸೇರಿಸಿ "ಮಗು ಇಲ್ಲೇ ಹೊಂದ್ಕೊಂಡಿದೆ" ಅಂತ ಅಲ್ಲಿ ಕೇಸು ಹಾಕ್ತಾರೆ, ಆಮೇಲೆ ಎಳೆದಾಟ.

ಕೇಸಿನ ಜೊತೇಲೇ 12ನೇ ಸೆಕ್ಷನ್ ಮಧ್ಯಂತರ ಅರ್ಜಿ ಹಾಕ್ಸಿ. ಮಗೂನ ಕೋರ್ಟಿಗೆ ಕರ್ಕೊಂಡು ಬರ್ಲಿ, ಸದ್ಯಕ್ಕೆ ನಮ್ಮ ಹತ್ರ ಇರ್ಲಿ, ಇಲ್ಲ ಅಂದ್ರೆ ದಿನಾ ವಿಡಿಯೋ ಕಾಲಾದ್ರೂ ಮಾಡ್ಸಿ ಅಂತ ಕೇಳ್ರಿ. ವಿಡಿಯೋ ಕಾಲ್ ಬಗ್ಗೆ 2020ರ ಯಶಿತಾ ಸಾಹು ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರ್ಬೇಕು ಅಂತ 1956ರ ಹಿಂದೂ ಪಾಲಕತ್ವ ಕಾಯ್ದೆಲಿದೆ, ಆದ್ರೆ ಅದನ್ನೇ ನಂಬಿ ಕೂರಬೇಡಿ, ಕೊನೆಗೆ ನೋಡೋದು ಮಗೂಗೆ ಯಾವ್ದು ಒಳ್ಳೇದು ಅಂತ.

ಹೇಬಿಯಸ್ ಕಾರ್ಪಸ್, ಅಂದ್ರೆ ಅಕ್ರಮವಾಗಿ ಇಟ್ಕೊಂಡಿರೋರನ್ನ ಹಾಜರುಪಡಿಸಿ ಅಂತ ಹೈಕೋರ್ಟಿಗೆ ಹಾಕೋ ಅರ್ಜಿ, ಹಾಕ್ಬೋದಾ? 2019ರ ತೇಜಸ್ವಿನಿ ಗೌಡ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹಾಕ್ಬೋದು ಅಂದಿದೆ, ಮಗು ಕಾನೂನುಬಾಹಿರವಾಗಿ ಅವ್ರ ಹತ್ರ ಇದೆ ಅಂತ ತೋರಿಸ್ಬೇಕು, ಸಾಕ್ಷಿ ವಿಚಾರಣೆ ಬೇಕಾಗೋ ಜಗಳ ಆದ್ರೆ ಫ್ಯಾಮಿಲಿ ಕೋರ್ಟಿಗೇ ಹೋಗ್ರಿ ಅಂತಾರೆ. ಪಕ್ಕದ ಹಾವೇರಿಯವ್ರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗ್ತಾರೆ, ದಾವಣಗೆರೆ ಚಿತ್ರದುರ್ಗದವ್ರು ಬೆಂಗಳೂರಿಗೇ ಹೋಗ್ಬೇಕು.

ಗಂಡ ದುಬೈ, ಅಮೆರಿಕಾದಲ್ಲಿ ಇದ್ರೆ ಇನ್ನೂ ಬೇಗ ಎದ್ದೇಳ್ರಿ. ಮಕ್ಕಳನ್ನ ದೇಶಕ್ಕೆ ವಾಪಸ್ ಕಳಿಸೋ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಒಮ್ಮೆ ವಿಮಾನ ಹತ್ತಿಸಿದ್ರೆ ತರ್ಸೋದು ಭಾರಿ ಕಷ್ಟ. ಪಾಸ್‌ಪೋರ್ಟ್ ಆಫೀಸಿಗೆ ನನ್ನ ಒಪ್ಪಿಗೆ ಇಲ್ಲ ಅಂತ ಬರೆದು ಕೊಡಿ, ಮಗೂನ ದೇಶದಾಚೆ ಕರ್ಕೊಂಡು ಹೋಗ್ಬಾರ್ದು ಅಂತ ಕೋರ್ಟಲ್ಲೂ ತಡೆ ಕೇಳ್ರಿ.

ದುಡ್ಡಿಲ್ಲ ಅಂತ ಸುಮ್ನಿರ್ಬೇಡಿ, ಹೆಣ್ಮಕ್ಳಿಗೆ ಆದಾಯ ಎಷ್ಟೇ ಇದ್ರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಫ್ರೀ ವಕೀಲರು ಸಿಗ್ತಾರೆ, 15100ಕ್ಕೆ ಫೋನ್ ಮಾಡಿದ್ರೂ ಆಯ್ತು. ಹೆಂಡ್ತಿ ಮಗೂನ ತವರಿಗೆ ಕರ್ಕೊಂಡು ಹೋಗಿ ಕಳಿಸದಿದ್ರೆ ಗಂಡಸ್ರಿಗೂ ಇದೇ ಕೋರ್ಟು ಇದೇ ಕಾಯ್ದೆ.

ಹಿರಿಯರ ಪಂಚಾಯ್ತಿ ಬೇಡ ಅನ್ನಲ್ಲ, ಆದ್ರೆ "ಮಗು ತಂದೆ ಹತ್ರ ಇರಲಿ" ಅಂತ ಛಾಪಾ ಕಾಗದದ ಮೇಲೆ ಸಹಿ ಮಾತ್ರ ಹಾಕ್ಬೇಡಿ. ಅಣ್ಣತಮ್ಮಂದಿರನ್ನ ಕಾರಲ್ಲಿ ತುಂಬ್ಕೊಂಡು ಹೋಗಿ ಕಿತ್ಕೊಂಡು ಬರೋದಂತೂ ಬೇಡವೇ ಬೇಡ, ಅಲ್ಲಿಗೆ ನಿಮ್ಮ ಮೇಲೇ ಕೇಸು. ಕೋರ್ಟಲ್ಲಿ ಮಗು ಭೇಟಿಗೆ ಬಿಟ್ಟಾಗ "ಯಾರ ಹತ್ರ ಇರ್ತೀಯ ಪುಟ್ಟ" ಅಂತ ಕೇಳ್ಬೇಡಿ, ತಿಳುವಳಿಕೆ ಬಂದಿರೋ ಮಗು ಆದ್ರೆ ಜಡ್ಜೇ ಒಳಗೆ ಕರೆದು ಮಾತಾಡ್ಸಿ ಕೇಳ್ಬೋದು, ಹೇಳ್ಕೊಟ್ಟ ಮಾತು ಅವ್ರಿಗೆ ಗೊತ್ತಾಗುತ್ತೆ. ಊಟ ಏನ್ ಮಾಡ್ದೆ ಅಂತ ಕೇಳಿ, ಆಟ ಆಡ್ಸಿ.