ಡಯಟ್ ಮಾಡುವಾಗ ತಲೆ ತಿರುಗಿದರೆ ಏನು ಮಾಡಬೇಕು?

ಬೆಳಗ್ಗೆ ಬರೀ ಗ್ರೀನ್ ಟೀ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಒಂದು ಸೇಬು. ಹೀಗೆ ಕೆಲವು ದಿನ ಕಳೆಯುವಷ್ಟರಲ್ಲಿ ಮಂಗಳೂರಿನ ಸ್ಟೇಟ್‌ಬ್ಯಾಂಕ್‌ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಬಸ್ಸಿನಲ್ಲಿ ನಿಂತು ಹೋಗುವ ಹುಡುಗಿಗೆ ಕಣ್ಣು ಕತ್ತಲೆ ಬರುತ್ತದೆ. ‘ಡಯಟ್ ಅಂದ್ರೆ ಇದೆಲ್ಲ ಇದ್ದದ್ದೇ’ ಅನ್ನುತ್ತಾರೆ ಗೆಳತಿಯರು. ಖಂಡಿತ ಅಲ್ಲ. ಪದೇ ಪದೇ ತಲೆ ತಿರುಗುತ್ತಿದ್ದರೆ ಹಟಕ್ಕೆ ಬಿದ್ದು ಮುಂದುವರಿಸಬೇಡಿ.

ಮೊದಲು, ತಲೆ ತಿರುಗಿದ ಕೂಡಲೇ ಇದ್ದಲ್ಲೇ ಕುಳಿತುಬಿಡಿ. ಬಸ್ಸಿನಲ್ಲಾದರೆ ಸೀಟು ಕೇಳಲು ಸಂಕೋಚ ಬೇಡ. ಮನೆಯಲ್ಲಿದ್ದರೆ ಮಲಗಿ, ಕಾಲಿನಡಿಗೆ ದಿಂಬು ಇಟ್ಟುಕೊಳ್ಳಿ. ಸುಧಾರಿಸಿದ ಮೇಲೆ ಉಪ್ಪು, ಸಕ್ಕರೆ ಹಾಕಿದ ನಿಂಬೆ ಶರಬತ್ತು ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಆಮೇಲೆ, ಯಾವಾಗ ಹೀಗಾಗುತ್ತದೆ ಎಂದು ಗಮನಿಸಿ. ಕುಳಿತಲ್ಲಿಂದ ಎದ್ದಾಗ ಆಗುತ್ತಿದ್ದರೆ ಬಿಪಿ ಇಳಿಯುತ್ತಿರಬಹುದು. ಅನ್ನ, ಚಪಾತಿ ಪೂರ್ತಿ ಬಿಟ್ಟ ಮೊದಲ ದಿನಗಳಲ್ಲಿ ಇನ್ಸುಲಿನ್ ತಗ್ಗಿ, ಮೂತ್ರದಲ್ಲಿ ಉಪ್ಪು, ನೀರು ಹೆಚ್ಚು ಹೋಗುತ್ತವೆ. ಅದರ ಮೇಲೆ ನಮ್ಮ ಕರಾವಳಿಯ ಬೆವರು. ಬೊಂಡ (ಎಳನೀರು) ಕುಡಿದರೆ ಸಾಲದು: ಅದರಲ್ಲಿ ಪೊಟ್ಯಾಷಿಯಂ ಧಾರಾಳ, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿ ತೆಳಿಯೋ ವಾಸಿ. ಹಸಿವಿನ ಜೊತೆ ಕೈ ನಡುಗಿ ಬೆವರಿದರೆ ಸಕ್ಕರೆ ಅಂಶ ಇಳಿದಿರಬಹುದು.

ಮೆಟ್ಟಿಲು ಹತ್ತಿದರೆ ಏದುಸಿರು, ಮುಟ್ಟಿನಲ್ಲಿ ಹೆಚ್ಚು ಸ್ರಾವ ಇದ್ದರೆ ರಕ್ತಹೀನತೆಯ ಬಗ್ಗೆ ಯೋಚಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಅದಿದೆ. ಗರ್ಭಿಣಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಅದರ ಜೊತೆ ಫೆರಿಟಿನ್ (ಮೈಯಲ್ಲಿ ಕಬ್ಬಿಣಾಂಶ ಎಷ್ಟು ಸಂಗ್ರಹವಿದೆ ಎಂದು ತೋರಿಸುವ ಅಂಶ) ಕೂಡ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿ.

ಈಗ ತಟ್ಟೆ ಸರಿಪಡಿಸಿ. ಕುಚ್ಚಲಕ್ಕಿ ಗಂಜಿಗೆ ಹೆದರಬೇಕಿಲ್ಲ. ಒಂದು ಬಟ್ಟಲು ಸಾಕು, ಜೊತೆಗೆ ಹುರುಳಿ ಸಾರು ಅಥವಾ ಬೂತಾಯಿ ಮೀನಿನ ಪುಳಿಮುಂಚಿ (ಹುಳಿ-ಖಾರದ ಸಾರು) ಇರಲಿ. ಮೀನಿನ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಹರಿವೆ ಪಲ್ಯಕ್ಕೆ ನಿಂಬೆ ಹಿಂಡಿ. ಊಟದ ಜೊತೆ ಚಹಾ ಬೇಡ, ಒಂದು ತಾಸು ಬಿಡಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ.

ಎಚ್ಚರ ತಪ್ಪಿ ಬಿದ್ದರೆ, ಎದೆ ನೋವು, ಎದೆ ಡವಡವ, ಮಾತು ತೊದಲುವುದು, ಕಪ್ಪು ಮಲ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತಿದ್ದರೂ ವೈದ್ಯರನ್ನು ಕಾಣಲು ತಡಮಾಡಬೇಡಿ. ಹೋಗುವಾಗ ಡಯಟ್ ಚಾರ್ಟ್ ಒಯ್ಯಿರಿ. ತೂಕ ಇಳಿಸುವ ಪುಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ.