ಬಾವಿಗೆ ಕ್ಲೋರಿನ್: ನಾನು ಮಾಡುವ ಕ್ರಮ

ನೀರಿನ ವರದಿಯಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಕಂಡರೆ ಹೆಚ್ಚಿನವರು ಮೊದಲು ಕೈ ಹಾಕುವುದು ಬ್ಲೀಚಿಂಗ್ ಪೌಡರ್‌ಗೆ. ನಾನು ಮೊದಲು ನೋಡುವುದು ಬಾವಿಯ ಕಟ್ಟೆ. ಕಟ್ಟೆಯ ಸುತ್ತಲಿನ ಸಿಮೆಂಟ್ ನೆಲ ಬಿರುಕು ಬಿಟ್ಟಿದೆಯೇ, ಚೆಲ್ಲಿದ ನೀರು ಹೊರಗೆ ಹರಿಯುತ್ತದೆಯೇ ಅಥವಾ ಅಲ್ಲೇ ಇಂಗುತ್ತದೆಯೇ, ಒಳಗೋಡೆಯ ಮೇಲಿನ ಮೂರು ಮೀಟರ್‌ನಲ್ಲಿ ಎಲ್ಲಾದರೂ ಒದ್ದೆಯ ಗೆರೆ ಇಳಿದಿದೆಯೇ? ಬೇರು ತೂರಿ ಬಂದ ಜಾಗದಲ್ಲಿ ಇಂಥ ಗೆರೆ ಸಾಮಾನ್ಯ. ಕೊಳೆ ನೀರು ಒಳಗಿಳಿಯುವ ಈ ದಾರಿ ಮುಚ್ಚದೆ ಎಷ್ಟು ಪೌಡರ್ ಸುರಿದರೂ ಮುಂದಿನ ಜೋರು ಮಳೆಗೆ ಮತ್ತೆ ಅದೇ ವರದಿ.

ಮುಂದಿನದು ಲೆಕ್ಕ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಐದು ಮೀಟರ್ ನೀರಿದೆ ಎಂದುಕೊಳ್ಳಿ. 3.14 × 1 × 1 × 5, ಅಂದರೆ ಸುಮಾರು 15,700 ಲೀಟರ್. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 785 ಗ್ರಾಂ ಆಯಿತು. ಶೇ. 30 ಕ್ಲೋರಿನ್ ಇರುವ ಪೌಡರ್ ಆದರೆ 2.6 ಕಿಲೋ. ಆದರೆ ಚೀಲ ತೆರೆದಿಟ್ಟ ಹಳೆಯ ಪೌಡರ್‌ನಲ್ಲಿ ಆ ಬಲ ಇರುವುದಿಲ್ಲ. ಗಂಟುಗಟ್ಟಿದ್ದು, ಮೂಗಿಗೆ ಘಾಟು ಹೊಡೆಯದ್ದು ಸುಣ್ಣಕ್ಕೆ ಸಮ, ನಾನು ಬಳಸುವುದಿಲ್ಲ.

ಪೌಡರನ್ನು ನೇರ ಬಾವಿಗೆ ಹಾಕಬಾರದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಬಯಲಿನಲ್ಲೇ ನಿಂತು, ಗ್ಲೌಸ್ ಹಾಕಿಕೊಂಡು ಸ್ವಲ್ಪ ನೀರಿನಲ್ಲಿ ಹಿಟ್ಟಿನಂತೆ ಕಲಸಿ, ಆಮೇಲೆ ಬಕೆಟ್ ತುಂಬಿಸಿ ಅರ್ಧ ಗಂಟೆ ಬಿಡುತ್ತೇನೆ. ಸುಣ್ಣ ತಳಕ್ಕೆ ಇಳಿಯುತ್ತದೆ. ಬಾವಿಗೆ ಹೋಗಬೇಕಾದ್ದು ಮೇಲಿನ ತಿಳಿ ಮಾತ್ರ. ಒಂದೇ ಬಕೆಟ್‌ಗೆ ಎಲ್ಲವನ್ನೂ ತುರುಕದೆ ನಾಲ್ಕೈದು ಬಕೆಟ್‌ಗೆ ಹಂಚುವುದು ಒಳ್ಳೆಯದು. ಹತ್ತಿರದಲ್ಲಿ ಆ್ಯಸಿಡ್ ಬಾಟಲಿ ಇರಲೇಬಾರದು: ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಯಾವ ಕಾರಣಕ್ಕೂ ಬಾವಿಗೆ ಇಳಿಯಬೇಡಿ.

ತಿಳಿಯನ್ನು ಗೋಡೆಯ ಸುತ್ತ ಸುರಿದ ಮೇಲೆ ಪಂಪ್ ಚಾಲು ಮಾಡಿ, ಹೋಸ್ ಪೈಪನ್ನು ಮತ್ತೆ ಬಾವಿಗೇ ಬಿಟ್ಟು ಗೋಡೆ ತೊಳೆಯುತ್ತೇನೆ. ಫಿಲ್ಟರ್, ಸಾಫ್ಟ್‌ನರ್ (ನೀರಿನ ಗಡಸು ತೆಗೆಯುವ ಸಾಧನ) ಇದ್ದರೆ ನೀರು ಅವುಗಳೊಳಗೆ ಹೋಗದಂತೆ ಬೈಪಾಸ್‌ಗೆ. ನಂತರ ಮನೆಯ ನಲ್ಲಿಗಳನ್ನು ಒಂದೊಂದಾಗಿ, ಬಿಸಿನೀರಿನದನ್ನೂ, ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಬೇಕು. ಪೈಪಿನೊಳಗಿನ ಲೋಳೆಯಲ್ಲೇ ಬ್ಯಾಕ್ಟೀರಿಯಾ ಅಡಗಿರುತ್ತದೆ. 12ರಿಂದ 24 ಗಂಟೆ ಹಾಗೇ ಇರಲಿ. ಅಷ್ಟು ಹೊತ್ತು ಕುಡಿಯಲು, ಸ್ನಾನಕ್ಕೆ ಬೇರೆ ನೀರು.

ಇಲ್ಲಿ ಒಂದು ಮೋಸ ಇದೆ. ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್‌ನಲ್ಲಿ ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಆದರೆ ಕ್ಲೋರಿನ್ ಅತಿಯಾದರೆ ಆ ಬಣ್ಣವನ್ನೇ ಸುಟ್ಟುಹಾಕುತ್ತದೆ: ಗುಲಾಬಿ ಮಿಂಚಿ ಮಾಯವಾಗಿ ಕಿಟ್ ಸೊನ್ನೆ ತೋರಿಸುತ್ತದೆ. ಅದನ್ನು ನಂಬಿ ಇನ್ನಷ್ಟು ಸುರಿಯುವವರಿದ್ದಾರೆ. 10 ಮಿ.ಲೀ. ಬಾವಿ ನೀರಿಗೆ 490 ಮಿ.ಲೀ. ಡಿಸ್ಟಿಲ್ಡ್ ನೀರು ಸೇರಿಸಿ ಅಳೆದು, ಬಂದ ಅಂಕಿಯನ್ನು 50ರಿಂದ ಗುಣಿಸಿದರೆ ನಿಜ ತಿಳಿಯುತ್ತದೆ. ಅವಧಿ ಮುಗಿದಾಗ ನಿಜಕ್ಕೂ ಏನೂ ಉಳಿದಿಲ್ಲವಾದರೆ ತಳದ ಹೂಳು ಅದನ್ನೆಲ್ಲ ತಿಂದಿದೆ. ಹೂಳೆತ್ತಿಸಿ ಮತ್ತೊಮ್ಮೆ ಮಾಡುವುದೇ ಸರಿ.

ಅವಧಿ ಮುಗಿದ ಮೇಲೆ ಪಂಪ್ ಮಾಡಿ ಬಾವಿಯಿಂದ ಖಾಲಿ ಮಾಡುವ ಕ್ಲೋರಿನ್ ನೀರನ್ನು ಸೆಪ್ಟಿಕ್ ಟ್ಯಾಂಕಿಗೋ ಕೆರೆಗೋ ಬಿಡಬೇಡಿ. ಟ್ಯಾಂಕಿನ ಬ್ಯಾಕ್ಟೀರಿಯಾ, ಮೀನು ಎರಡೂ ಸಾಯುತ್ತವೆ.

ಕ್ಲೋರಿನ್ ಪೂರ್ತಿ ಹೋಗಿ ಸುಮಾರು ಒಂದು ವಾರ ಕಳೆದ ಮೇಲಷ್ಟೇ ಮರುಪರೀಕ್ಷೆ. ನಲ್ಲಿಯ ಜಾಲರಿ ಬಿಚ್ಚಿ, ಬಾಯಿಗೆ ಸ್ಪಿರಿಟ್ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಲ್ಯಾಬ್ ಕೊಟ್ಟ ಬಾಟಲಿಯಲ್ಲೇ ಹಿಡಿಯುತ್ತೇನೆ. ಒಳಗಿರುವ ಬಿಳಿ ಪುಡಿ ಥಯೋಸಲ್ಫೇಟ್, ಉಳಿದ ಕ್ಲೋರಿನ್ ಇಲ್ಲವಾಗಿಸಲು ಹಾಕಿದ್ದು. ಕೊಳೆ ಎಂದುಕೊಂಡು ಬಾಟಲಿ ತೊಳೆಯಬಾರದು. ಐಸ್ ಪಕ್ಕದಲ್ಲಿಟ್ಟು ಆದಷ್ಟು ಆರು ಗಂಟೆಯೊಳಗೆ, ತೀರಾ ತಡವಾದರೂ 24 ಗಂಟೆಯೊಳಗೆ ತಲುಪಿಸಬೇಕು. 100 ಮಿ.ಲೀ.ಯಲ್ಲಿ ಇ. ಕೋಲಿ ಸೊನ್ನೆಯೇ ಇರಬೇಕು. ಜೋರು ಮಳೆಯ ನಂತರ ಇನ್ನೊಂದು ಮಾದರಿ ಕೊಟ್ಟರೆ ಕಟ್ಟೆಯ ರಿಪೇರಿ ಗಟ್ಟಿಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್‌ಗೆ ಕ್ಲೋರಿನ್ ಏನೂ ಮಾಡದು. ಕುದಿಸಿದರೆ ಆವಿಯಾದಷ್ಟೂ ಇವು ದಟ್ಟವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಫ್ಲೋರೈಡ್ 1.5 ಮಿ.ಗ್ರಾಂ, ಆರ್ಸೆನಿಕ್ 10 ಮೈಕ್ರೋಗ್ರಾಂ, ನೈಟ್ರೇಟ್ 50 ಮಿ.ಗ್ರಾಂ. ವರದಿಯಲ್ಲಿ ‘ನೈಟ್ರೇಟ್-ನೈಟ್ರೋಜನ್’ ಎಂದಿದ್ದರೆ ಅದು ನೈಟ್ರೇಟಿನೊಳಗಿನ ನೈಟ್ರೋಜನ್ ಭಾಗ ಮಾತ್ರ, ಆ ಅಂಕಿಯನ್ನು 4.43ರಿಂದ ಗುಣಿಸಿ ನೋಡಿ. 12 ಎಂದು ಕಂಡದ್ದು ಆಗ 53, ಮಿತಿ ಮೀರಿದ್ದು. ಕೂಸಿಗೆ ಬಾಟಲಿ ಹಾಲು ಕಲಸುವ ಮನೆಯಲ್ಲಿ ಆ ನೀರು ಬೇಡ.