ಹ್ಯಾಮ್‌ಸ್ಟ್ರಿಂಗ್ ಕಾಟದಿಂದ ಬಚಾವಾದ ಬಗೆ: ನನ್ನ ಅನುಭವ

ಎರಡು ಸೀಸನ್ ಪೂರ್ತಿ ಫುಟ್‌ಬಾಲ್ ಆಡಿದ್ದೇನೆ, ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂಭಾಗದ ಸ್ನಾಯು ಒಂದು ಸಲವೂ ಕೈಕೊಟ್ಟಿಲ್ಲ. ಹಳೇ ಸ್ಟ್ರೆಚಿಂಗ್ ಬಿಟ್ಟು ನನ್ನದೇ ಪದ್ಧತಿ ಶುರು ಮಾಡಿದಾಗ ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ಇದೆಲ್ಲ ಆಗೋ ಮಾತಲ್ಲ ಬಿಡಪ್ಪ’ ಅಂದಿದ್ದರು. ಈಗ ಅವರೇ ಬಂದು ಏನು ಮಾಡಿದೆ ಅಂತ ಕೇಳುತ್ತಾರೆ.

ಅದಕ್ಕೆ ಮುಂಚೆ ಎಡತೊಡೆಯ ಹಿಂಭಾಗ ಮೂರ್ನಾಲ್ಕು ಸಲ ಹಿಡಿದುಕೊಂಡಿತ್ತು. ಪ್ರತಿ ಸಲವೂ ವಾರಗಟ್ಟಲೆ ಬೆಂಚಿನ ಮೇಲೆ. ಫಿಸಿಯೊ ಫೀಸು, ಸ್ಕ್ಯಾನು, ಮಸಾಜ್ ಗನ್, ಬಿಗಿ ಶಾರ್ಟ್ಸ್, ಬಣ್ಣದ ಟೇಪು ಅಂತ ಸುರಿದ ದುಡ್ಡು, ಬೂಟಿಗೆ ಹಾಕಿದ್ದರ ಐದಾರು ಪಟ್ಟು ಇರಬೇಕು. ಟೇಪು ಅಂಟಿಸಿಕೊಂಡು ಆಡಿದ ಪಂದ್ಯದಲ್ಲೇ ಮತ್ತೆ ಹಿಡಿದುಕೊಂಡಿತು. ಟೇಪು ಮಾತ್ರ ಒಂಚೂರೂ ಕದಲಿರಲಿಲ್ಲ!

ನಮ್ಮ ಹಳೇ ಪದ್ಧತಿ ಗೊತ್ತಲ್ಲ, ಒಂದು ಸುತ್ತು ಓಡಿ, ಹುಲ್ಲಿನ ಮೇಲೆ ಕೂತು, ಕಾಲು ಚಾಚಿ ಎಳೆದು ಹಿಡಿಯುವುದು. ಮೊದಲು ಅದನ್ನೇ ಜಾಸ್ತಿ ಮಾಡಿ ನೋಡಿದೆ. ಬಗ್ಗಿದರೆ ಅಂಗೈ ನೆಲಕ್ಕೆ ತಾಗುವಷ್ಟು ಮೈ ಸಡಿಲವಾಯಿತು. ಆದರೆ ಜೋರಾಗಿ ಓಡಿದಾಗ ಕಾಟ ಹಾಗೇ ಇತ್ತು. 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾ ಸೇನೆಯ ಅಧ್ಯಯನ ಓದಿದ ಮೇಲೆ ಅದನ್ನು ಬಿಡಲು ಧೈರ್ಯ ಬಂತು. 1,500ಕ್ಕೂ ಜಾಸ್ತಿ ಹೊಸ ಸೈನಿಕರಲ್ಲಿ, ವ್ಯಾಯಾಮಕ್ಕೆ ಮುಂಚೆ ಸ್ಟ್ರೆಚಿಂಗ್ ಮಾಡಿದವರಿಗೂ ಮಾಡದವರಿಗೂ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ. ಸಾಲದ್ದಕ್ಕೆ ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ತಕ್ಷಣಕ್ಕೆ ಅದರ ಬಲವೂ ಒಂದಿಷ್ಟು ಇಳಿಯುತ್ತದೆ. ಈಗ ಕೂತು ಎಳೆಯುವುದು ರಾತ್ರಿ ಮಲಗುವ ಮುಂಚೆ ಮಾತ್ರ. ಬಿಗಿತ ಹೋಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ.

ಮೈದಾನದಲ್ಲಿ ಅದರ ಜಾಗಕ್ಕೆ ಬಂದದ್ದು ಫಿಫಾ 11+, ಅಂದರೆ ಗಾಯ ತಪ್ಪಿಸಲೆಂದೇ ಮಾಡಿದ ವಾರ್ಮ್ ಅಪ್ ಕ್ರಮ. ಹೊಸದೇನಲ್ಲ, 2006ರಿಂದ ಇದೆ. ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. 8 ನಿಮಿಷ ಓಟ, 10 ನಿಮಿಷ ಬಲ, ನೆಗೆತ, ಸಮತೋಲ, ಕೊನೆಗೆ 2 ನಿಮಿಷ ಜೋರು ಓಟ. ನಾನು ಅದನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ಅದರಲ್ಲಿ ನಾರ್ಡಿಕ್ ಅಂತ ಒಂದಿದೆ: ಮಂಡಿಯೂರಿ, ಹಿಂದಿನಿಂದ ಒಬ್ಬ ಕಾಲು ಹಿಡಿದಾಗ, ಮೈಯನ್ನು ನಿಧಾನವಾಗಿ ಮುಂದಕ್ಕೆ ಬೀಳಿಸುವುದು. ಪಂದ್ಯದ ದಿನ ಅದನ್ನು ಮಾಡಿದರೆ ಕಾಲು ಸೋಲುತ್ತಿತ್ತು. ಅದನ್ನು ತೆಗೆದು, ವಾರಕ್ಕೆ ಎರಡು ಸಲ ಪ್ರಾಕ್ಟೀಸ್ ಮುಗಿದ ಮೇಲೆ ಹಾಕಿಕೊಂಡೆ. ನನ್ನನ್ನು ಕೇಳಿದರೆ ಇಡೀ ಪದ್ಧತಿಯಲ್ಲಿ ಮುಕ್ಕಾಲು ಪಾಲು ಕೆಲಸ ಮಾಡಿದ್ದು ಈ ನಾರ್ಡಿಕ್ಕೇ.

ಮೊದಲ ವಾರ ಐದೈದರ ಎರಡು ಸೆಟ್ ಸಾಕು. ನಮ್ಮ ಗೋಲ್‌ಕೀಪರ್ ಮೊದಲ ದಿನವೇ ಮೂವತ್ತು ಹೊಡೆದು, ಎರಡು ದಿನ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ. ಆಮೇಲೆ ನನ್ನ ಔಷಧಿಯೇ ರೋಗ ಅಂತ ಎಲ್ಲರಿಗೂ ಸಾರಿದ. ಎರಡು ತಿಂಗಳಲ್ಲಿ ಹತ್ತರ ಮೂರು ಸೆಟ್‌ಗೆ ನಿಧಾನವಾಗಿ ಏರಿಸಿದರೆ ಅಷ್ಟೊಂದು ನೋವಿರುವುದಿಲ್ಲ. ಬೀಳುವ ವೇಗ ತಡೆಯುವುದೇ ಇಲ್ಲಿ ಮುಖ್ಯ, ಎಷ್ಟು ಸಲ ಬಿದ್ದೆ ಅನ್ನೋದಲ್ಲ. ಕಾಲು ಹಿಡಿಯುವವನು ಗಟ್ಟಿಗನಾಗಿರಬೇಕು, ಇಲ್ಲದಿದ್ದರೆ ಮುಖ ನೆಲಕ್ಕೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಫೋಮ್ ರೋಲರ್ ಹಾಯೆನಿಸಿತು, ಅದಕ್ಕಿಂತ ಜಾಸ್ತಿ ಏನೂ ಕಾಣಲಿಲ್ಲ. ತೊಡೆಸಂದಿಗೆ ಕೋಪನ್‌ಹೇಗನ್ ಪ್ಲ್ಯಾಂಕ್ (ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಪಕ್ಕಕ್ಕೆ ತಿರುಗಿ ಮೈ ಎತ್ತಿ ಹಿಡಿಯುವುದು) ಚೆನ್ನಾಗಿ ಕೆಲಸ ಮಾಡಿತು. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದನ್ನು ಸುಮ್ನೆ ತಮಾಷೆಗೆ ಶುರು ಮಾಡಿದ್ದೆ. ಪದೇ ಪದೇ ಉಳುಕುತ್ತಿದ್ದ ಪಾದದ ಕೀಲು ಆಮೇಲೆ ತೊಂದರೆ ಕೊಟ್ಟಿಲ್ಲ. ಈಗ ಕಣ್ಣು ಮುಚ್ಚಿಕೊಂಡು ನಿಲ್ಲುತ್ತೇನೆ, ಬೇಕಿದ್ದರೆ ಪಂದ್ಯ ಕಟ್ಟಿ.

ಯಾರೂ ಗಮನಿಸದ ಜಾಗ ಅಂದರೆ ಮಧ್ಯಂತರ. 15 ನಿಮಿಷ ಕೂತರೆ ಸ್ನಾಯು ತಣ್ಣಗಾಗುತ್ತದೆ. ವಿಸಿಲ್ ಊದಿದ ತಕ್ಷಣ ಫುಲ್ ಸ್ಪೀಡಲ್ಲಿ ಓಡುತ್ತೇವೆ, ಅಲ್ವಾ? ನನ್ನ ತೊಡೆ ಎರಡು ಸಲ ಹಿಡಿದುಕೊಂಡದ್ದು ಆ ಹೊತ್ತಲ್ಲೇ. ಈಗ ಕೊನೆಯ ಮೂರ್ನಾಲ್ಕು ನಿಮಿಷ ಎದ್ದು ಮೈ ಬಿಸಿ ಮಾಡಿಕೊಳ್ಳುತ್ತೇವೆ. ಯಾವ ಕ್ರಮದಲ್ಲಿ ಅಂತ ಮಾತ್ರ ಹೇಳಲ್ಲ. ಇದನ್ನು ಓದುವವರಲ್ಲಿ ನಮ್ಮ ಎದುರು ಆಡುವವರೂ ಇದ್ದಾರೆ!

ಸದ್ಯ ನಮ್ಮ ಡಿಫೆಂಡರ್ ಒಬ್ಬನ ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿನ (ಅಕಿಲಿಸ್) ನೋವಿಗೆ ಕೈ ಹಾಕಿದ್ದೇನೆ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು, ಹದಿನೈದರ ಮೂರು ಸೆಟ್, ದಿನಕ್ಕೆರಡು ಸಲ, 12 ವಾರ. ಅವನು ಅರ್ಧ ದಾರಿ ಬಂದಿದ್ದಾನೆ, ಬೈಯುತ್ತಲೇ ಮಾಡುತ್ತಿದ್ದಾನೆ.